ಎಂಟು ಹಾಕಿದರಷ್ಟೇ ಸಾಲದು: ಡಿಎಲ್ ಟೆಸ್ಟ್ ಬದಲಾಗ್ತಿದೆ, ಕಲಿಕೆ ಬದಲಾಗಿದೆಯೇ?

ತಿಪಟೂರು: ‘ಎಲ್‌ಎಲ್‌ಆರ್ ಮಾಡ್ಸು, ಒಂದು ತಿಂಗಳು ಕಾಯಿ, ಹೋಗಿ ಎಂಟು ಹಾಕಿ ಬಾ.’ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಡ್ರೈವಿಂಗ್ ಲೈಸೆನ್ಸ್ ಅಂದರೆ ಬಹಳ ಜನರ ಲೆಕ್ಕ ಇಷ್ಟೇ. ಈ ಲೆಕ್ಕ ಇನ್ನು ಹೆಚ್ಚು ದಿನ ನಡೆಯುವುದಿಲ್ಲ. ಇನ್‌ಸ್ಪೆಕ್ಟರ್ ಕಣ್ಣಳತೆಯಲ್ಲಿ ನೋಡಿ ಪಾಸು, ಫೇಲು ಹೇಳುವ ಬದಲು ಕ್ಯಾಮೆರಾ, ಸೆನ್ಸರ್‌ಗಳೇ ಅಂಕ ಹಾಕುವ ಟ್ರ್ಯಾಕ್‌ಗಳು ಬರುತ್ತಿವೆ. ಬೆಂಗಳೂರಿನ ಜ್ಞಾನಭಾರತಿ ಟ್ರ್ಯಾಕ್‌ನಲ್ಲಿ ಇದು ವರ್ಷಗಳಿಂದ ನಡೆದಿದೆ. ಇನ್ನಷ್ಟು ಜಿಲ್ಲೆಗಳಿಗೆ ವಿಸ್ತರಿಸುವುದು ಸಾರಿಗೆ ಇಲಾಖೆಯ ಗುರಿ. ಕೆಎ-44 ಕಚೇರಿಗೆ ಅರ್ಜಿ ಹಾಕುವವರು ಈಗಿನಿಂದಲೇ ಆ ಮಟ್ಟಕ್ಕೆ ಕಲಿತರೆ ಒಳ್ಳೆಯದು.

ನಿಯಮ ಹಳೆಯದು, ಅಳತೆ ಹೊಸದು

ಅಸಲಿಗೆ ಟೆಸ್ಟ್‌ನಲ್ಲಿ ಏನೇನು ನೋಡಬೇಕು ಅನ್ನೋದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲೇ ಇದೆ. ಹೊರಡುವ ಮುಂಚೆ ಕನ್ನಡಿ ಸರಿ ಮಾಡಿಕೊಳ್ಳುವುದು, ಸರಿಯಾದ ಹೊತ್ತಿಗೆ ಗೇರ್ ಬದಲಿಸುವುದು, ಎಡಬಲ ತಿರುವು, ಓವರ್‌ಟೇಕ್, ರಿವರ್ಸ್, ಸಿಗ್ನಲ್ ಪಾಲನೆ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು ಎಲ್ಲವೂ ಪಟ್ಟಿಯಲ್ಲಿವೆ.

ಬದಲಾಗುತ್ತಿರುವುದು ಅಳತೆಗೋಲು. ರಿವರ್ಸ್‌ನಲ್ಲಿ ಚಕ್ರ ಗೆರೆ ಮುಟ್ಟಿತೋ, ದಿಬ್ಬದ ಮೇಲೆ ಗಾಡಿ ಹಿಂದೆ ಬಂತೋ ಎಂಬುದನ್ನು ಯಂತ್ರವೇ ದಾಖಲಿಸುತ್ತದೆ. ‘ಪರಿಚಯದೋರು ಇದಾರೆ, ಹೇಳಿಸ್ತೀನಿ’ ಅನ್ನೋ ಮಾತಿಗೆ ಅಲ್ಲಿ ಜಾಗ ಕಡಿಮೆ. ಪಾಸಾಗಲು ಕನಿಷ್ಠ ಶೇ 69 ಅಂಕ ಬೇಕು ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಸಂಸತ್ತಿಗೆ ತಿಳಿಸಿದ್ದರು.

ಫೇಲಾದರೆ ನಷ್ಟ ಸಣ್ಣದಲ್ಲ. ಏಳು ದಿನ ಕಳೆದ ಮೇಲೆ ಮತ್ತೆ ಟೆಸ್ಟ್. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಎಲ್‌ಎಲ್‌ಆರ್ ಅವಧಿ ಆರು ತಿಂಗಳು. ಅದರಲ್ಲಿ ಮೊದಲ 30 ದಿನ ಟೆಸ್ಟ್ ಕೊಡುವಂತಿಲ್ಲ. ನಾಲ್ಕನೇ ಟೆಸ್ಟಿಗೆ ಹೋಗುವಷ್ಟರಲ್ಲಿ ಕಡಿಮೆ ಅಂದ್ರೂ ಮೂರೂವರೆ ತಿಂಗಳು ಮುಗಿದಿರುತ್ತೆ. ಮಾಯಸಂದ್ರ, ಹುಳಿಯಾರು ಕಡೆಯಿಂದ ಬರುವವರಿಗೆ ಪ್ರತಿ ಸಲವೂ ಒಂದು ದಿನದ ಕೆಲಸ ಹೋದಂತೆ.

ಆ 10 ಗಂಟೆ ಎಲ್ಲಿ?

ಡ್ರೈವಿಂಗ್ ಶಾಲೆಗಳಿಗೂ ಅದೇ 1989ರ ನಿಯಮಗಳಲ್ಲಿ ಲೆಕ್ಕ ಇದೆ. ಕಾರು ಕಲಿಸಲು ಕನಿಷ್ಠ 21 ದಿನ, ಅದರಲ್ಲಿ ಕಲಿಯುವವರು ಸ್ವತಃ ಸ್ಟೇರಿಂಗ್ ಹಿಡಿಯುವುದು ಕನಿಷ್ಠ 10 ಗಂಟೆ. ಯಾರು ಎಷ್ಟು ಹೊತ್ತು ಓಡಿಸಿದರು ಎಂದು ಬರೆದಿಡಲು ‘ಫಾರಂ 15’ ಎಂಬ ರಿಜಿಸ್ಟರ್ ಕೂಡ ಇದೆ. ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಒಂದು ಗಂಟೆ ಸುತ್ತಿದರೆ ಒಬ್ಬರ ಪಾಲಿಗೆ ಸಿಗುವುದು 15 ನಿಮಿಷ. 21 ದಿನ ಹೀಗೇ ಹೋದರೆ ಐದೂಕಾಲು ಗಂಟೆ, ಅಂದರೆ ನಿಯಮದ ಅರ್ಧ ಮಾತ್ರ. ಪೂರ್ತಿ ಫೀಸು ಕೊಟ್ಟವರು ಈ ಲೆಕ್ಕ ಕೇಳುವುದರಲ್ಲಿ ತಪ್ಪಿಲ್ಲ.

2021ರ ಜುಲೈ 1ರಿಂದ ಇನ್ನೊಂದು ದಾರಿಯೂ ಇದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಾರಿಗೆ 29 ಗಂಟೆ ತರಬೇತಿ, ಅದರಲ್ಲಿ 21 ಗಂಟೆ ಪ್ರಾಯೋಗಿಕ. ಅಲ್ಲಿ ಪಾಸಾದವರು ಆರ್‌ಟಿಒದಲ್ಲಿ ಮತ್ತೆ ಟೆಸ್ಟ್ ಕೊಡಬೇಕಿಲ್ಲ. ಆದರೆ ಇಂಥ ಕೇಂದ್ರಕ್ಕೆ ಒಂದು ಎಕರೆ ಜಾಗ, ಸಿಮ್ಯುಲೇಟರ್, ಟ್ರ್ಯಾಕ್ ಬೇಕು. ತಾಲ್ಲೂಕು ಮಟ್ಟದ ಸಣ್ಣ ಶಾಲೆಗಳಿಗೆ ಒಂಟಿಯಾಗಿ ಇದು ಕಷ್ಟ.

ಪಕ್ಕದ ಕೇರಳದಲ್ಲಿ ಆಗಿದ್ದು ಇದೇ ತೊಡಕು. 2024ರಲ್ಲಿ ಅಲ್ಲಿನ ಸರ್ಕಾರ ಟೆಸ್ಟ್ ಬಿಗಿ ಮಾಡಿತು. ಕಾರಿಗೆ ಬರೀ ‘ಎಚ್’ ಹಾಕಿದರೆ ಸಾಲದು. ಪಾರ್ಕಿಂಗ್, ಅಂಕುಡೊಂಕು ಓಟ, ಏರಿನ ಪರೀಕ್ಷೆಯೂ ಬೇಕು ಅಂದಿತು. ಮೇ ತಿಂಗಳಲ್ಲಿ ಡ್ರೈವಿಂಗ್ ಶಾಲೆಗಳು ಮುಷ್ಕರ ಹೂಡಿದವು, ಟೆಸ್ಟ್‌ಗಳು ನಿಂತವು. ಕೊನೆಗೆ ಮಾತುಕತೆಯಾಗಿ ಸರ್ಕಾರ ಕೆಲವು ವಿಷಯಗಳಲ್ಲಿ ಸಡಿಲಿಸಿತು. ಕಲಿಸಲು ಜಾಗ ಮಾಡದೆ ಪರೀಕ್ಷೆ ಮಾತ್ರ ಬಿಗಿ ಮಾಡಿದರೆ ಪೆಟ್ಟು ಬೀಳುವುದು ಕಲಿಯುವವರಿಗೆ.

ಮಂಡಿ, ಅಂಗಡಿ ಮಾಲೀಕರಿಗೆ ಇದೇಕೆ ಮುಖ್ಯ?

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಎಲ್‌ಎಂವಿ, ಅಂದರೆ ಕಾರಿನ ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ವಾಹನವನ್ನೂ ಓಡಿಸಬಹುದು. ಅದಕ್ಕೆ ಬೇರೆ ಅನುಮತಿ ಬೇಕಿಲ್ಲ. ಕಾಯಿ, ಕೊಬ್ಬರಿ ಹೇರುವ ಲಗೇಜ್ ಆಟೊ, ಪಿಕಪ್‌ಗಳೆಲ್ಲ ಬಹುಪಾಲು ಇದರೊಳಗೇ ಬರುತ್ತವೆ.

ವ್ಯಾಪಾರಸ್ಥರಿಗೆ ಇದು ಅನುಕೂಲ ನಿಜ. ಆದರೆ ಖಾಲಿ ಕಾರಿನಲ್ಲಿ ಟೆಸ್ಟ್ ಪಾಸಾದ ಹುಡುಗ ಮರುದಿನ ಮೂಟೆ ಹೇರಿದ ಪಿಕಪ್ ಹತ್ತಬಹುದು ಅಂತಲೂ ಅರ್ಥ. ಲೋಡ್ ಇದ್ದಾಗ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಹಿಂದಿನ ಗಾಜಿನಲ್ಲಿ ಏನೂ ಕಾಣಲ್ಲ, ಏರಿನಲ್ಲಿ ಹಾಫ್ ಕ್ಲಚ್ ತಪ್ಪಿದರೆ ಗಾಡಿ ಹಿಂದಕ್ಕೇ ಬರುತ್ತೆ. ಇದ್ಯಾವುದನ್ನೂ ಟ್ರ್ಯಾಕ್ ಪರೀಕ್ಷಿಸುವುದಿಲ್ಲ. ಕೆ.ಬಿ. ಕ್ರಾಸ್‌ನಲ್ಲಿ ಬಿ.ಎಚ್. ರಸ್ತೆಯ ಓಟವೂ, ಹುಳಿಯಾರು–ತುರುವೇಕೆರೆ ಕಡೆಯ ಗಾಡಿಗಳೂ ಸೇರುವ ಹೊತ್ತಿಗೆ ಇದೆಲ್ಲ ಕೈಗೆ ಬಂದಿರಬೇಕು.

ಲೈಸೆನ್ಸ್ ಇಲ್ಲದವರಿಗೆ ಬೀಗದ ಕೈ ಕೊಟ್ಟರೆ ಮಾಲೀಕರಿಗೆ 5,000 ರೂ.ವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕಟ್ಟಿದರೂ ಅದನ್ನು ಮಾಲೀಕರಿಂದ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡಬಹುದು. 18 ತುಂಬದ ಹುಡುಗರ ಕೈಗೆ ಕೊಟ್ಟರಂತೂ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು.

ಈಗಲೇ ಮಾಡಬಹುದಾದ್ದು

ಕಲಿಯುವವರು ಶಾಲೆ ಸೇರುವಾಗಲೇ ‘ನಾನೇ ಓಡಿಸೋದು ಎಷ್ಟು ಗಂಟೆ?’ ಅಂತ ಕೇಳಿ, ಫಾರಂ 15ರಲ್ಲಿ ತಮ್ಮ ಹೆಸರಿನ ಮುಂದಿನ ಲೆಕ್ಕ ನೋಡಿಕೊಳ್ಳಬೇಕು. ಟೆಸ್ಟಿಗೆ ಒಯ್ಯುವ ಗಾಡಿಯಲ್ಲೇ ಕನಿಷ್ಠ ಒಂದು ವಾರ ಅಭ್ಯಾಸ ಇರಲಿ. ರಿವರ್ಸ್ ಅಭ್ಯಾಸಕ್ಕೆ ಖಾಲಿ ಕಣ, ಮೈದಾನ ಸಾಕು. ಗೆರೆ ಎಳೆದು, ಪ್ಲಾಸ್ಟಿಕ್ ಬಾಟಲಿ ನಿಲ್ಲಿಸಿದರೆ ಆಯ್ತು. ಏರಿನ ಅಭ್ಯಾಸಕ್ಕೆ ಓಡಾಟ ಕಡಿಮೆ ಇರುವ ದಿಬ್ಬ ಹುಡುಕಿ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಎಲ್‌ಎಲ್‌ಆರ್ ಅವಧಿಯಲ್ಲಿ ಲೈಸೆನ್ಸ್ ಇರುವವರು ಪಕ್ಕದಲ್ಲಿರುವುದು, ಬಿಳಿ ಬಣ್ಣದ ಮೇಲೆ ಕೆಂಪು ‘ಎಲ್’ ಅಂಟಿಸುವುದು ಕಡ್ಡಾಯ.

ಬೈಕಿನವರಿಗೂ ಇದು ಹಗುರದ ವಿಷಯ ಅಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು.

ಮೂರೂ ತಾಲ್ಲೂಕಿನ ಶಾಲೆಗಳು ಸೇರಿ ಒಂದು ಸಾಮಾನ್ಯ ಅಭ್ಯಾಸದ ಜಾಗಕ್ಕೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳನ್ನು ಕೇಳುವ ಕಾಲ ಇದು. ಗೆರೆ, ಕಂಬ, ಒಂದು ಮಣ್ಣಿನ ದಿಬ್ಬ ಇದ್ದರೆ ಶುರು ಮಾಡಬಹುದು. ಅಲ್ಲೇ ಲೋಡ್ ಗಾಡಿ ಓಡಿಸುವುದನ್ನೂ ಕಲಿಸಿದರೆ ಮಂಡಿ ಮಾಲೀಕರೂ ಕೈಜೋಡಿಸಿಯಾರು. ಸೆನ್ಸರ್ ಟ್ರ್ಯಾಕ್ ಬಂದ ಮೇಲೆ ಓಡಾಡುವುದಕ್ಕಿಂತ ಇದು ಅಗ್ಗ.