ತೂಕದ ತಕ್ಕಡಿ ಮತ್ತು ಕಾಫಿ ತೋಟದ ಜೀಪು

ಮಕ್ಕಳ ತೂಕದ ಮಾತೆತ್ತಿದರೆ ನಗರದ ಪಾಲಕರಿಗೆ ನೆನಪಾಗುವುದು ಬೊಜ್ಜು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹಾಡಿಗಳಲ್ಲಿ ತೂಕ ಏರದಿರುವುದೇ ಚಿಂತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9 ಮಂದಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ.

ವ್ಯವಸ್ಥೆ ಇಲ್ಲವೆಂದಲ್ಲ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕುತ್ತಾರೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಜೊತೆಗೆ ಕಾಯಿಲೆಯೂ ಇದ್ದರೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನಗಳ ಆರೈಕೆ. ತಾಯಿಗೆ ಊಟವಿದೆ, ಕೂಲಿ ನಷ್ಟಕ್ಕೆ ಭತ್ಯೆಯೂ ಇದೆ. ಮನೆಗೆ ಮರಳಿದ ಮೇಲೆ ಎರಡು ತಿಂಗಳಲ್ಲಿ 4 ಬಾರಿ ಮರುತಪಾಸಣೆಗೆ ಬರಬೇಕು. ಎಳೆ ಸುಲಭವಾಗಿ ಕಡಿಯುವುದು ಇಲ್ಲಿಯೇ.

ತಾಯಂದಿರಿಗೆ ತಿಳುವಳಿಕೆ ಸಾಲದು ಎಂಬ ಸಿದ್ಧ ಉತ್ತರವನ್ನು ನಾವು ಒಪ್ಪುವುದಿಲ್ಲ. ಜೇನುಕುರುಬ ಕುಟುಂಬದ ಒಂದು ವರ್ಷವನ್ನೇ ನೋಡಿ. ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು; ಬೆಳಗಾಗುತ್ತಲೇ ಜೀಪು ಹಾಡಿಯ ಬಳಿ ನಿಲ್ಲುತ್ತದೆ. ಕೆಲವರು ತೋಟದ ಲೈನುಮನೆಗಳಲ್ಲೇ ವಾರಗಟ್ಟಲೆ ಉಳಿಯುತ್ತಾರೆ. ಮೇ ತಿಂಗಳಲ್ಲಿ ಹೊಗೆಸೊಪ್ಪಿನ ನಾಟಿ, ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸುವ ಕೆಲಸ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿಗೆ ಹೋಗುವ ಕೂಲಿ ತಾಯಿಯ ಕಷ್ಟವೂ ಬೇರೆಯಲ್ಲ. ಆಕೆ ಆಸ್ಪತ್ರೆಯಲ್ಲಿ 14 ದಿನ ಕುಳಿತರೆ ಮನೆಯಲ್ಲಿ ಉಳಿದ ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು? ಮೇಸ್ತ್ರಿಯಿಂದ ಮುಂಗಡ ಪಡೆದವರಿಗಂತೂ ಕೆಲಸ ತಪ್ಪಿಸುವ ಮಾತೇ ಇಲ್ಲ. (2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಾದರೂ ತಪ್ಪಿತು.)

2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯು, ಚೆನ್ನಾಗಿ ಹಸಿವಿದ್ದು ಬೇರೆ ಕಾಯಿಲೆಯಿಲ್ಲದ ಮಗುವಿಗೆ ಅಂಗನವಾಡಿಯ ಮೂಲಕವೇ ಆರೈಕೆ ಕೊಡಬೇಕೆನ್ನುತ್ತದೆ. ಇದು ಸರಿಯಾದ ದಾರಿ. ಆದರೆ ಮಗುವೇ ಊರಲ್ಲಿಲ್ಲದಿದ್ದರೆ? ವಲಸೆ ಹೋದ ಕುಟುಂಬದ ಹೆಸರನ್ನು ಬೇರೆ ಅಂಗನವಾಡಿಗೆ ವರ್ಗಾಯಿಸಲು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅವಕಾಶವಿದೆ. ಅದನ್ನು ತಾಯಿಗೆ ತಿಳಿಸಿ, ಕೊಡಗಿನ ಕಾರ್ಯಕರ್ತೆಗೆ ಒಂದು ಫೋನು ಮಾಡುವವರು ಬೇಕು. ಆ ಭಾಗದ ಧರ್ಮಕೇಂದ್ರಗಳ ಸಮಾಜಸೇವಾ ಕಾರ್ಯಕರ್ತರೂ ಸ್ವಸಹಾಯ ಸಂಘದ ಮಹಿಳೆಯರೂ ಇಷ್ಟನ್ನು ಮಾಡಬಲ್ಲರು. ಮರುತಪಾಸಣೆಯ ದಿನ ಉಳಿದ ಮಕ್ಕಳನ್ನು ನೋಡಿಕೊಂಡರೆ ಇನ್ನೂ ಒಳ್ಳೆಯದು.

ಕೊಡಗಿನಲ್ಲಿ ತೋಟವಿರುವವರು ನಮ್ಮ ಓದುಗರಲ್ಲೂ ಇದ್ದಾರೆ. ಅವರಲ್ಲಿ ಒಂದು ಮಾತು: ಈ ಕೊಯ್ಲಿನಲ್ಲಿ ನಿಮ್ಮ ಲೈನಿನಲ್ಲಿರುವ ಚಿಕ್ಕ ಮಕ್ಕಳು ಎಷ್ಟು ಮಂದಿ ಎಂದು ಎಣಿಸಿ, ಹತ್ತಿರದ ಅಂಗನವಾಡಿಗೆ ತಿಳಿಸಿ. ಮಗುವನ್ನು ತಪಾಸಣೆಗೆ ಒಯ್ಯುವ ತಾಯಿಗೆ ಆ ದಿನದ ಕೂಲಿ ಹಿಡಿಯಬೇಡಿ.