ಸೆಳವಿಗೆ ವೀಸಾ ಅವಧಿಯಿಲ್ಲ

ಒಂದು ಕಾಲಕ್ಕೆ ಮುತ್ತು ಹೆಕ್ಕುವವರ ಊರಾಗಿದ್ದ ಕತಾರಿನ ಅಲ್ ವಕ್ರಾದಲ್ಲಿ ಇಂದು ಎದ್ದು ಕಾಣುವವರು ದುಡಿಯಲು ಬಂದ ಪರದೇಶದವರು. ಅಂಥ ಒಬ್ಬ ಕಟ್ಟಡ ಕಾರ್ಮಿಕನಿಗೆ ಅಪಸ್ಮಾರವಿದೆ ಎಂದು ಭಾವಿಸಿ. ಎತ್ತರದಲ್ಲಿ ನಿಂತಾಗ ಸೆಳವು ಬಂದರೆ ಜೀವಕ್ಕೆ ಕುತ್ತು. ಬಾಯಿಬಿಟ್ಟು ಹೇಳಿದರೆ ಅನ್ನಕ್ಕೆ ಕುತ್ತು. ಆದ್ದರಿಂದ ಮಾತ್ರೆಯನ್ನೂ ಆತ ಮರೆಯಲ್ಲೇ ನುಂಗುತ್ತಾನೆ.

ಸರಿಯಾಗಿ ಆಯ್ದು ಕೊಟ್ಟ ಎರಡು ಔಷಧಗಳೂ ಸೋತರೆ ಅದು ಔಷಧಕ್ಕೆ ಬಗ್ಗದ ಅಪಸ್ಮಾರ. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಇಂಥವರು. ಸೆಳವು ಹುಟ್ಟುವ ಭಾಗವನ್ನು ಸುರಕ್ಷಿತವಾಗಿ ತೆಗೆಯಬಹುದಾದರೆ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ. ಅದಾಗದವರಿಗೆ ಮಿದುಳಿನ ಆಳದ ಥಲಾಮಸ್‌ಗೆ ವಿದ್ಯುದ್ವಾರಗಳನ್ನು ಇಳಿಸಿ, ಎದೆಯ ಚರ್ಮದಡಿಯ ಸಾಧನದಿಂದ ಸಣ್ಣ ವಿದ್ಯುತ್ ಸ್ಪಂದನಗಳನ್ನು ಕಳುಹಿಸುವ ಚಿಕಿತ್ಸೆಯಿದೆ. ಅಮೆರಿಕ ಇದಕ್ಕೆ 2018ರಲ್ಲಿ ಅನುಮತಿ ನೀಡಿತು. 110 ಮಂದಿಗೆ ಸಾಧನ ಅಳವಡಿಸಿದ ಅಧ್ಯಯನದಲ್ಲಿ ಐದು ವರ್ಷಗಳ ಬಳಿಕ ಸೆಳವುಗಳ ಇಳಿಕೆಯ ಮಧ್ಯಾಂಕ ಶೇ 69. ರೋಗ ಅಳಿಯುವುದಿಲ್ಲ, ಬದುಕು ಹಗುರಾಗುತ್ತದೆ.

ಆದರೆ ಈ ಫಲ ಮಾಗುವುದು ವರ್ಷಗಳಲ್ಲಿ. ಸಾಧನವನ್ನು ಮತ್ತೆ ಮತ್ತೆ ಹೊಂದಿಸಬೇಕು, ಬ್ಯಾಟರಿ ಮುಗಿದಾಗ ಬದಲಿಸಬೇಕು. ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮವನ್ನು ಕತಾರ್ 2020ರಲ್ಲಿ ಕೈಬಿಟ್ಟರೂ ವಲಸಿಗನ ವಾಸದ ಪರವಾನಗಿ ಇಂದಿಗೂ ಉದ್ಯೋಗಕ್ಕೇ ಗಂಟುಬಿದ್ದಿದೆ. ಗುತ್ತಿಗೆಯ ಲೆಕ್ಕದಲ್ಲಿ ಬದುಕುವವನಿಗೆ ಆಜೀವ ಚಿಕಿತ್ಸೆ ಎಟುಕುವುದು ಹೇಗೆ?

ಬಡವರಿಗೆ ಮಾತ್ರೆಯೇ ಸಿಗದಿರುವಾಗ ದುಬಾರಿ ಸಾಧನದ ಮಾತೇಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಔಷಧಗಳಿಂದಲೇ ಹಳ್ಳಿಗರ ಸೆಳವನ್ನು ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ತೋರಿಸಿಕೊಟ್ಟರು. ಲ್ಯಾನ್ಸೆಟ್ ಪತ್ರಿಕೆ 2001ರಲ್ಲಿ ಆ ಅಧ್ಯಯನವನ್ನು ಪ್ರಕಟಿಸಿತು. ಮಾತ್ರೆ ಎಲ್ಲರಿಗೂ ಮೊದಲು ಮುಟ್ಟಲೇಬೇಕು. ಹಾಗೆಂದು, ಮಾತ್ರೆ ಸೋತ ಬಡವನ ಪಾಲಿಗೆ ವೈದ್ಯವೇ ಮುಗಿಯಿತೆನ್ನುವುದು ನ್ಯಾಯವಲ್ಲ.

ಎರಡಕ್ಕೂ ಅಡ್ಡ ನಿಂತಿರುವುದು ಭಯ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಪಸ್ಮಾರವೆಂಬ ಅಡ್ಡಿಯನ್ನು ಭಾರತ ತೆಗೆದುಹಾಕಿದ್ದು 1999ರಲ್ಲಿ. ಕಾನೂನು ಅಳಿಸಿದ ಕಳಂಕವನ್ನು ಸಮಾಜ ಇನ್ನೂ ಕಾಪಿಟ್ಟುಕೊಂಡಿದೆ; ವಲಸೆಯ ಬದುಕು ಅದಕ್ಕೆ ಕೆಲಸ ಕಳೆದುಕೊಳ್ಳುವ ಅಂಜಿಕೆಯನ್ನೂ ಸೇರಿಸಿದೆ.

ರೋಗ ಹೇಳಿಕೊಂಡವನನ್ನು ಊರಿಗೆ ಅಟ್ಟದೆ ನೆಲದ ಮೇಲಿನ ಕೆಲಸಕ್ಕೆ ಹಚ್ಚುವುದು, ಚಿಕಿತ್ಸೆ ನಡೆದಿರುವಷ್ಟು ಕಾಲ ವಾಸಕ್ಕೆ ಅವಕಾಶ, ಮರಳಿದವನನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಗೆ ಒಪ್ಪಿಸುವ ಸರ್ಕಾರಿ ಏರ್ಪಾಡು: ಈ ಬೇಡಿಕೆಗಳು ರಾಜ್ಯೋತ್ಸವದ ವೇದಿಕೆಯಿಂದಲೂ ಕೇಳಬೇಕು. ಕೊಲ್ಲಿಯ ಹಣವನ್ನು ಎಣಿಸುವ ಸರ್ಕಾರಗಳು, ಅದನ್ನು ದುಡಿದ ದೇಹಕ್ಕೂ ಉತ್ತರದಾಯಿಗಳು.