ಬಲೆಯ ನಿಯಮ ಮತ್ತು ಶ್ರಾವಕರ ಮೌನ

‘ಮೀನು ಮುಟ್ಟದವರಿಗೆ ಮೀನುಗಾರಿಕೆಯ ಕಾನೂನಿನ ಗೊಡವೆ ಏಕೆ?’ ಜೈನ ಮನೆತನಗಳಲ್ಲಿ ಸಹಜವೆಂಬಂತೆ ಕೇಳಿಬರುವ ಮಾತು ಇದು. ಇದರ ಬೆನ್ನಿಗೆ ಸೂಕ್ಷ್ಮವಾದ ಇನ್ನೊಂದು ವಾದವೂ ಇದೆ. ಬಲೆಯ ಕಣ್ಣು ಇಷ್ಟಿರಲಿ, ಇಂಥ ತಿಂಗಳಲ್ಲಿ ಹಿಡಿಯದಿರಲಿ ಎಂದರೆ, ಉಳಿದ ತಿಂಗಳಲ್ಲಿ ಹಿಡಿಯಲು ಒಪ್ಪಿಗೆ ಕೊಟ್ಟಂತಾಗುವುದಿಲ್ಲವೆ? ಕೃತ, ಕಾರಿತ, ಅನುಮೋದನೆ ಮೂರೂ ದೋಷವೇ ಆಗಿರುವಾಗ ಸುಮ್ಮನಿರುವುದೇ ಲೇಸಲ್ಲವೆ? ವಾದವು ಶುದ್ಧವಾಗಿಯೇ ತೋರುತ್ತದೆ. ಆದರೆ ಈ ಶುದ್ಧಿಯ ಬೆಲೆಯನ್ನು ತೆರುತ್ತಿರುವುದು ಹೊಳೆಯ ಜೀವರಾಶಿ.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಾಲಯದ ಬಳಿ ಹರಿಯುವ ಕಪಿಲೆಯ ಮೀನುಗಳು ದೇವರ ಮೀನುಗಳೆಂದೇ ಪ್ರಸಿದ್ಧ. 1996ರಲ್ಲಿ ದುಷ್ಕರ್ಮಿಗಳು ಆ ನೀರಿಗೆ ವಿಷವಿಕ್ಕಿದರು. ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ನಿಂತಿದೆ. ಭಕ್ತಿಯೊಂದೇ ಮೀನನ್ನು ಕಾಯಲಾರದು, ಕಾವಲೂ ಬೇಕು ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಹೊಳೆಗೆ ಸಿಡಿಮದ್ದು ಎಸೆದಾಗ ಸಾಯುವುದು ಬೇಕಾದ ನಾಲ್ಕು ಮೀನುಗಳಷ್ಟೇ ಅಲ್ಲ. ಮರಿ, ಮೊಟ್ಟೆ, ಏಡಿ, ಹುಳುಗಳೆಲ್ಲ ನಾಶವಾಗುತ್ತವೆ. ಸತ್ತುದರಲ್ಲಿ ಬಹುಪಾಲು ತಳಕ್ಕೆ ಮುಳುಗಿ ಯಾರ ಕೈಗೂ ಸಿಗುವುದಿಲ್ಲ. ವಿಷ ಮತ್ತು ವಿದ್ಯುತ್ತಿನ ಕಥೆಯೂ ಹೀಗೆಯೇ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆಗೆ ಮೊಟ್ಟೆ ತುಂಬಿಕೊಂಡು ಹಳ್ಳ ಗದ್ದೆಗಳಿಗೆ ಏರಿಬರುವ ಹತ್ತುಮೀನನ್ನು ಕಡಿಯುವುದೆಂದರೆ ಮುಂದಿನ ಸಂತತಿಯನ್ನೇ ಕಡಿದಂತೆ. ಇದರಿಂದ ಮೊದಲು ಕೆಡುವುದು ಬಲೆಯನ್ನೇ ನಂಬಿದ ಬೆಸ್ತರ ಬಾಳು. ನಿಯಮವು ಅವರ ಮೇಲಿನ ದ್ವೇಷವಲ್ಲ, ಅವರಿಗೂ ಆಸರೆ.

ಸಿಡಿಮದ್ದು ಮತ್ತು ವಿಷವನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ಅಂದು ಗೊತ್ತುಪಡಿಸಿದ ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸೆರೆ ಅಥವಾ 200 ರೂಪಾಯಿ ದಂಡ. ಶತಮಾನಕ್ಕೂ ಹಿಂದೆಯೇ ಅಪರಾಧವೆನಿಸಿದ್ದು ಇಂದಿಗೂ ನಿಂತಿಲ್ಲವೆಂದರೆ, ಕೊರತೆ ಇರುವುದು ಕಾನೂನಿನಲ್ಲಲ್ಲ. ಅದನ್ನು ನಡೆಸಿರೆಂದು ಕೇಳುವ ಬಾಯಿಗಳಲ್ಲಿ.

ಇನ್ನು ಅನುಮೋದನೆಯ ಪ್ರಶ್ನೆ. ಜೈನ ಕಥಾಕೋಶಗಳಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಬಲೆ ಹೊತ್ತು ಹೊರಟವನಿಗೆ ಮುನಿಗಳು ‘ಬಲೆ ಬಿಸಾಡು’ ಎನ್ನಲಿಲ್ಲ. ಮೊದಲು ಸಿಕ್ಕ ಮೀನನ್ನು ಬಿಟ್ಟುಬಿಡು ಎಂಬ ವ್ರತವನ್ನಷ್ಟೇ ಕೊಟ್ಟರು. ಬಿಟ್ಟ ಮೀನೇ ಮತ್ತೆ ಮತ್ತೆ ಸಿಕ್ಕಿತು. ಅವನು ವ್ರತಕ್ಕೆ ತಪ್ಪದೆ ಬರಿಗೈಯಲ್ಲಿ ಮನೆಗೆ ಮರಳಿದ. ಆ ಅಲ್ಪ ವ್ರತದ ಪುಣ್ಯವೇ ಮುಂದಿನ ಭವದಲ್ಲಿ ಅವನನ್ನು ಕಾಯಿತು. ಎರಡನೆಯ ಮೀನನ್ನು ಕೊಲ್ಲಲು ಮುನಿಗಳು ಅನುಮೋದಿಸಿದರೆಂದು ಯಾವ ಶ್ರಾವಕನಾದರೂ ಹೇಳಿಯಾನೆ? ಸಾಧ್ಯವಾದಷ್ಟು ಹಿಂಸೆಯನ್ನು ತಡೆಯುವುದು ಉಳಿದ ಹಿಂಸೆಗೆ ಸಮ್ಮತಿಯಲ್ಲ. ಅಣುವ್ರತದ ತಿರುಳೇ ಅದು.

ಮೌನಿಗಳ ಕೈಗಳೂ ಎಷ್ಟು ಶುದ್ಧ ಎಂಬುದನ್ನು ನೋಡಬೇಕು. ವಿಷವನ್ನೋ ಆಯುಧವನ್ನೋ ಪರರಿಗೆ ಒದಗಿಸುವುದು ಹಿಂಸಾದಾನ. ಅದು ಅನರ್ಥದಂಡದ ಐದು ಬಗೆಗಳಲ್ಲಿ ಒಂದು. ಅಡಕೆ ತೋಟಕ್ಕೆ ತಂದ ಮೈಲುತುತ್ತ ಮೀನಿಗೆ ಕಡುವಿಷ. ಅದು ಬೀಗವಿಲ್ಲದ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ, ಔಷಧಿ ಹೊಡೆದ ಡ್ರಮ್ಮುಗಳನ್ನು ಹಳ್ಳದಲ್ಲೇ ತೊಳೆದರೆ, ಕಲ್ಲುಕ್ವಾರಿಯ ಸಿಡಿಮದ್ದಿಗೆ ಲೆಕ್ಕವಿಲ್ಲದಿದ್ದರೆ, ಆ ತೋಟದ, ಆ ಕ್ವಾರಿಯ ಒಡೆಯ ಮೀನು ತಿನ್ನದವನೆಂಬ ಹೆಮ್ಮೆಗೆ ಅರ್ಥವೇನು?

ಹಿಡಿದು ಬಿಡುವ ಗಾಳದ ಕ್ರೀಡೆ ನಿರುಪದ್ರವಿ ಎಂಬ ವಾದವೂ ಇದೆ. ಕಾವೇರಿಯ ಭೀಮೇಶ್ವರಿಯಲ್ಲಿ ಗಾಳದ ಶಿಬಿರಗಳಿದ್ದಾಗ ಕಾವಲುಗಾರರಿದ್ದರು, ಸಿಡಿಮದ್ದಿನ ಹಾವಳಿ ತಗ್ಗಿತ್ತು ಎನ್ನುತ್ತಾರೆ ಆ ಪಕ್ಷದವರು. ಮುಂದೆ ವನ್ಯಜೀವಿ ಕಾಯ್ದೆಯ ಅಡಿಯಲ್ಲಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಅಲ್ಲಿನ ಡುಬ್ಬದ ಮಹಶೀರ್ ಮೀನು ಅಳಿವಿನ ಅಂಚಿನಲ್ಲಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಸಾರಿತು. ಗಾಳದವರ ಮಾತು ನಿಜವೆಂದೇ ಇಟ್ಟುಕೊಂಡರೂ, ಮೀನನ್ನು ಕಾದದ್ದು ಗಾಳವಲ್ಲ, ಕಾವಲು. ಹಸಿವಿಗಲ್ಲದೆ ವಿನೋದಕ್ಕಾಗಿ ಬಾಯಿಗೆ ಕೊಕ್ಕೆ ಚುಚ್ಚುವುದು ಸಂಕಲ್ಪೀ ಹಿಂಸೆಯೇ. ಆದರೆ ಗಾಳದವರು ತಮ್ಮ ಮೋಜಿಗಾಗಿ ಕಾವಲಿಗೆ ಹಣ ಕೊಟ್ಟರೆಂದಾದರೆ, ದಯೆಗಾಗಿ ಹಣ ಕೊಡುವವರು ಎಲ್ಲಿ?

ಪರ್ಯೂಷಣದ ದಿನಗಳಲ್ಲಿ ಮಾರುಕಟ್ಟೆಯಿಂದ ಜೀವಂತ ಮೀನು ಕೊಂಡು ಕೆರೆಗೆ ಬಿಡುವುದು ಇದಕ್ಕೆ ಉತ್ತರವಲ್ಲ. ಕೊಂಡಷ್ಟೂ ವ್ಯಾಪಾರ ಬೆಳೆಯುತ್ತದೆ. 2000ದಲ್ಲೇ ಸಾಕಣೆ ನಿಷೇಧಗೊಂಡ ಆಫ್ರಿಕನ್ ಕ್ಯಾಟ್‌ಫಿಶ್‌ನಂಥದು ಕೆರೆ ಸೇರಿದರೆ, ಒಂದು ಜೀವ ಉಳಿಸಿದ ಪುಣ್ಯಾತ್ಮನು ಸಾವಿರ ಜೀವಗಳನ್ನು ಅದರ ಬಾಯಿಗೆ ಒಪ್ಪಿಸಿದಂತೆ.

ಬಸದಿಗಳ ಟ್ರಸ್ಟುಗಳು ಮಾಡಬೇಕಾದುದು ಕಷ್ಟದ್ದೇನಲ್ಲ. ಜೀವದಯಾ ನಿಧಿಯ ಒಂದು ಪಾಲಿನಿಂದ, ಮೀನು ಏರುವ ತಿಂಗಳುಗಳಲ್ಲಿ ಹೊಳೆಗೆ ಒಬ್ಬ ಕಾವಲುಗಾರನನ್ನು ನೇಮಿಸಬಹುದು. ಆ ಕೆಲಸಕ್ಕೆ ಹೊಳೆಯನ್ನು ಬಲ್ಲ ಬೆಸ್ತರಿಗಿಂತ ಯೋಗ್ಯರಿಲ್ಲ. ಸಿಡಿಮದ್ದಿನ ಸದ್ದು ಕೇಳಿದ ದಿನವೇ ಮೀನುಗಾರಿಕೆ ಇಲಾಖೆಗೂ ಪೊಲೀಸರಿಗೂ ಟ್ರಸ್ಟಿನ ಮೊಹರು ಹಾಕಿದ ಲಿಖಿತ ದೂರು ಸಲ್ಲಿಸಬಹುದು. ತೋಟದ ಮನೆಗಳವರು ವಿಷದ ಕೋಣೆಗೆ ಬೀಗ ಹಾಕಬಹುದು.

ನೀರನ್ನು ಸೋಸಿ ಕುಡಿಯುವ ಸಮಾಜವಿದು. ಲೋಟದ ನೀರಿನ ಜೀವಕ್ಕೆ ಬಟ್ಟೆ ಹಿಡಿಯುವ ಕೈ, ಹೊಳೆಯ ನೀರಿನ ಜೀವಕ್ಕಾಗಿ ಒಂದು ದೂರಿಗೆ ಸಹಿ ಹಾಕಲು ಹಿಂಜರಿಯಬಾರದು.